ಇಂಗ್ಲಿಷ್‌ನ ‘ಗೋ’ ಪೋಲಿಷ್‌ಗೆ ಹೋಗುವಾಗ: ಅನುವಾದದ ಆ್ಯಪ್ ಒಂದರ ದೀರ್ಘಕಾಲದ ಬಳಕೆಯ ವಿಮರ್ಶೆ

ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ ಕೆಲಸದಲ್ಲಿರುವ ಕನ್ನಡತಿಯಾಗಿ ನಾನು ಹಲವು ವರ್ಷಗಳಿಂದ ಬಳಸುತ್ತಿರುವ ಮೊಬೈಲ್ ಅನುವಾದದ ಆ್ಯಪ್ ಒಂದನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಆ್ಯಪ್‌ನ ಎಲ್ಲ ಸೌಲಭ್ಯಗಳನ್ನೂ ಪರಿಶೀಲಿಸುವ ಉದ್ದೇಶ ನನಗಿಲ್ಲ. ಹೋಗು, ಬಾ, ನಡೆ, ತಾ, ಕರೆದುಕೊಂಡು ಹೋಗು ಎಂಬಂಥ ಚಲನೆಯ ಮಾತುಗಳನ್ನು ಇಂಗ್ಲಿಷ್‌ನಿಂದ ಪೋಲಿಷ್‌ಗೆ ಅದು ಹೇಗೆ ತರುತ್ತದೆ ಎಂಬುದಷ್ಟೇ ನನ್ನ ವಿಷಯ. ಆ್ಯಪ್‌ನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳಲಿರುವ ತೊಡಕುಗಳ ಬೇರು ಆ ಎರಡು ಭಾಷೆಗಳ ಸ್ವಭಾವದಲ್ಲೇ ಇರುವುದರಿಂದ ಬೇರೆ ಆ್ಯಪ್ ಇಟ್ಟುಕೊಂಡವರಿಗೂ ಅವು ತಪ್ಪುವುದಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಪೋಲಿಷ್ ಓದಿ ಅರ್ಥ ಮಾಡಿಕೊಳ್ಳಲು ಈ ಆ್ಯಪ್‌ ಅನ್ನು ಧಾರಾಳವಾಗಿ ನಂಬಬಹುದು. ಪೋಲಿಷ್‌ನಲ್ಲಿ ಹೇಳಲು ಅದನ್ನು ನಂಬಬೇಕಾದರೆ ನಾವು ಕೊಡುವ ಇಂಗ್ಲಿಷ್ ವಾಕ್ಯವನ್ನು ಮೊದಲು ತಿದ್ದಿಕೊಳ್ಳಬೇಕು.

ಇದಕ್ಕೆ ಕಾರಣ ಸರಳವಾಗಿದೆ. ಇಂಗ್ಲಿಷ್‌ನ ‘ಗೋ’ ಎಂಬ ಒಂದು ಪದ ಪೋಲಿಷ್‌ಗೆ ಬಂದೊಡನೆ ಎರಡು ಪ್ರಶ್ನೆಗಳನ್ನು ಎದುರಿಸುತ್ತದೆ. ಕಾಲ್ನಡಿಗೆಯಲ್ಲೋ ವಾಹನದಲ್ಲೋ ಎಂಬುದು ಮೊದಲನೆಯದು. ಈಗ ಒಂದು ದಿಕ್ಕಿಗೆ ಹೋಗುತ್ತಿರುವುದೋ, ಮತ್ತೆ ಮತ್ತೆ ಹೋಗಿ ಬರುವ ರೂಢಿಯೋ ಎಂಬುದು ಎರಡನೆಯದು. ಈಗ ನಡೆದು ಹೋಗುತ್ತಿದ್ದರೆ ‘ಇಶ್ಚ್’, ನಡೆದು ಹೋಗಿ ಬರುವ ರೂಢಿಯಿದ್ದರೆ ‘ಹೊಜಿಚ್’. ಈಗ ವಾಹನದಲ್ಲಿ ಹೊರಟಿದ್ದರೆ ‘ಯೆಹಾಚ್’, ವಾಹನದಲ್ಲಿ ಓಡಾಡುವ ರೂಢಿಯಿದ್ದರೆ ‘ಯೆಜ್‌ಜಿಚ್’. ವಿಮಾನಕ್ಕೂ ಹಕ್ಕಿಗೂ ‘ಲೆಚೆಚ್’ ಮತ್ತು ‘ಲತಾಚ್’ ಎಂಬ ಜೋಡಿಯಿದೆ. ಈಜುವುದು, ತೇಲುವುದು, ದೋಣಿಯಲ್ಲಿ ಸಾಗುವುದು ಎಂದು ನಾವು ಬೇರೆ ಬೇರೆಯಾಗಿ ಹೇಳುವುದೆಲ್ಲ ‘ಪ್ವಿನೊಂಚ್’ ಮತ್ತು ‘ಪ್ವಿವಾಚ್’ ಎಂಬ ಒಂದೇ ಜೋಡಿಯಲ್ಲಿ ಅಡಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಈ ಮಾಹಿತಿ ಇಲ್ಲದಿದ್ದರೆ ಆ್ಯಪ್ ಊಹಿಸಲೇಬೇಕು, ಊಹಿಸಿದೆ ಎಂಬುದನ್ನು ಅದು ಬಳಕೆದಾರರಿಗೆ ತಿಳಿಸುವುದೂ ಇಲ್ಲ. ನನ್ನ ಮುಖ್ಯ ಆಕ್ಷೇಪ ಈ ಮೌನದ ಬಗ್ಗೆಯೇ.

ಊಹೆ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ವಾರ್ಸಾಗೆ ಹೋಗುತ್ತಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕೊಟ್ಟರೆ ಆ್ಯಪ್ ‘ಯಾದೆ’ ಎಂಬ ವಾಹನದ ರೂಪವನ್ನೇ ಆರಿಸುತ್ತದೆ, ಊರಿನಿಂದ ಊರಿಗೆ ಯಾರೂ ನಡೆದು ಹೋಗುವುದಿಲ್ಲ ಎಂಬ ಲೋಕಜ್ಞಾನ ಅದಕ್ಕಿದೆ ಎನ್ನುವ ಹಾಗೆ. ಸ್ನೇಹಿತೆಯ ಮನೆಗೆ ಹೋದೆವು ಎಂದರೆ ಮಾತ್ರ ‘ಪೊಶ್ಲಿಶ್ಮಿ’ ಎಂದು ಕೊಡುತ್ತದೆ. ಅದನ್ನು ಕೇಳಿದ ಪೋಲಿಷ್ ಸಹೋದ್ಯೋಗಿಗಳು ಸ್ನೇಹಿತೆಯ ಮನೆ ನಮ್ಮ ಬೀದಿಯಲ್ಲೇ ಇದೆ ಎಂದುಕೊಳ್ಳುತ್ತಾರೆ. ಟ್ರಾಮ್ ಹತ್ತಿ, ಮತ್ತೊಂದಕ್ಕೆ ಬದಲಾಯಿಸಿ, ನಗರದ ಆ ತುದಿಗೆ ಹೋಗಿದ್ದೆವೆಂದರೆ ಆಗಬೇಕಾದ ರೂಪ ‘ಪೊಯೆಹಾಲಿಶ್ಮಿ’. ಹಾಗೆಂದು ಈ ನಿಯಮವನ್ನು ಕಬ್ಬಿಣದ ಗೆರೆಯೆಂದು ಹಿಡಿಯುವಂತೆಯೂ ಇಲ್ಲ. ಕೆಲಸಕ್ಕೆ, ಸಿನಿಮಾಕ್ಕೆ, ವೈದ್ಯರ ಬಳಿಗೆ ಹೋಗುವ ಮಾತಿನಲ್ಲಿ ಉದ್ದೇಶವೇ ಮುಖ್ಯವಾದಾಗ ಪೋಲಿಷರು ಬಸ್ಸಿನಲ್ಲಿ ಹೋಗುವವರಿದ್ದರೂ ‘ಇಶ್ಚ್’ ಕುಟುಂಬದ ಪದಗಳನ್ನು ಸಲೀಸಾಗಿ ಬಳಸುತ್ತಾರೆ. ಲಿಫ್ಟಿನಲ್ಲಿ ಎರಡನೆಯ ಮಹಡಿಗೆ ಹೋಗುವುದಕ್ಕೆ ಮಾತ್ರ ‘ಯೆಹಾಚ್’ ಎನ್ನುವುದು ವಾಡಿಕೆ. ಇಂಥ ಸೂಕ್ಷ್ಮಗಳನ್ನು ಯಾವ ಆ್ಯಪ್‌ನ ಒಂದು ಸಾಲಿನ ಉತ್ತರವೂ ಕಲಿಸದು.

ಆದ್ದರಿಂದ ನಾನು ಇಂಗ್ಲಿಷ್ ವಾಕ್ಯದಲ್ಲೇ ಬೇಕಾದ ಮಾಹಿತಿಯನ್ನು ತುಂಬುವ ಅಭ್ಯಾಸ ಮಾಡಿಕೊಂಡಿದ್ದೇನೆ. ಕಚೇರಿಗೆ ಹೋಗುತ್ತೇನೆ ಎಂದಷ್ಟೇ ಬರೆಯುವ ಬದಲು ಪ್ರತಿದಿನ ಟ್ರಾಮಿನಲ್ಲಿ ಹೋಗುತ್ತೇನೆ ಎಂದು ಬರೆದರೆ ‘ಯೆಜ್‌ಜೆ’ ಎಂಬ ಸರಿಯಾದ ರೂಪ ತಾನಾಗಿ ಬರುತ್ತದೆ. ಕಾಲ್ನಡಿಗೆ, ಕಾರು, ಸೈಕಲ್, ಪ್ರತಿ ಭಾನುವಾರ, ಈಗ, ಒಂದೇ ಒಂದು ಸಲ ಎಂಬಂಥ ಮಾತುಗಳನ್ನು ಸೇರಿಸಿದ ವಾಕ್ಯಗಳಲ್ಲಿ ಈ ಆ್ಯಪ್ ಎಡವಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಅದರ ಪೋಲಿಷ್ ವ್ಯಾಕರಣ ಗಟ್ಟಿಯಾಗಿದೆ, ವಿಭಕ್ತಿಗಳೂ ಬಹುತೇಕ ಸರಿಯಿರುತ್ತವೆ. ಅದಕ್ಕೆ ಕೊರತೆಯಾಗುವುದು ನಾವು ಬಾಯಿಬಿಟ್ಟು ಹೇಳದೆ ಉಳಿಸಿದ ಸಂಗತಿ ಮಾತ್ರ.

ಓದುವ ಕೆಲಸದಲ್ಲಿ, ಅದರಲ್ಲೂ ಕ್ಯಾಮೆರಾ ಹಿಡಿದು ಫಲಕ ಓದಿಸುವುದರಲ್ಲಿ, ಆ್ಯಪ್‌ಗೆ ಪೂರ್ಣ ಅಂಕ ಕೊಡುತ್ತೇನೆ. ಅಲ್ಲಿಯೂ ಒಂದು ವಿಷಯ ಗಮನಿಸಬೇಕು. ಮಾಲ್‌ನ ಬಾಗಿಲಿನ ಮೇಲೆ ‘ವೆಯ್‌ಶ್ಚೆ’ ಎಂದೂ ಅದೇ ಕಟ್ಟಡದ ಪಾರ್ಕಿಂಗ್‌ನ ಮುಂದೆ ‘ವ್ಯಾಸ್ತ್’ ಎಂದೂ ಬರೆದಿರುತ್ತಾರೆ. ಎರಡಕ್ಕೂ ಆ್ಯಪ್ ತೋರಿಸುವುದು ಪ್ರವೇಶ ಎಂಬ ಒಂದೇ ಅರ್ಥ, ಆದರೆ ಮೊದಲನೆಯದು ಕಾಲಿನಿಂದ ನಡೆದು ಒಳಗೆ ಹೋಗುವವರಿಗೆ, ಎರಡನೆಯದು ಗಾಡಿಗಳಿಗೆ. ಹೊರಬರುವ ‘ವಿಯ್‌ಶ್ಚೆ’ ಮತ್ತು ‘ವಿಯಾಸ್ತ್’ ಕೂಡ ಹಾಗೆಯೇ. ರೈಲು ನಿಲ್ದಾಣದಲ್ಲಿ ಹಳದಿ ಕಾಗದದ ಮೇಲೆ ಅಚ್ಚಾದ ವೇಳಾಪಟ್ಟಿ ‘ಒದ್ಯಾಸ್ದಿ’, ಅಂದರೆ ಹೊರಡುವ ರೈಲುಗಳದು. ಬಿಳಿ ಕಾಗದದ್ದು ‘ಪ್ಷಿಯಾಸ್ದಿ’, ಬರುವ ರೈಲುಗಳದು. ವಿಮಾನ ನಿಲ್ದಾಣಕ್ಕೆ ಕಾಲಿಟ್ಟರೆ ಅದೇ ಹೊರಡುವಿಕೆ ‘ಒದ್ಲೊತಿ’ ಆಗುತ್ತದೆ, ಬರುವಿಕೆ ‘ಪ್ಷಿಲೊತಿ’ ಆಗುತ್ತದೆ, ಏಕೆಂದರೆ ಅಲ್ಲಿ ಹಾರುವ ಕ್ರಿಯಾಪದ ಬೇಕು. ಮೊದಲ ಭಾಗವಾದ ‘ಒದ್’ ಮತ್ತು ‘ಪ್ಷಿ’ ಎರಡೂ ಕಡೆ ಬದಲಾಗದೆ ನಿಂತಿರುವುದನ್ನು ಗಮನಿಸಿದವರಿಗೆ ಪೋಲಿಷ್ ಚಲನೆಯ ಕೀಲಿ ಅರ್ಧ ಸಿಕ್ಕಿದ ಹಾಗೆ. ಒಳಕ್ಕೆ, ಹೊರಕ್ಕೆ, ಆಚೆಗೆ, ತಲುಪುವವರೆಗೆ, ಅಡ್ಡ ದಾಟಿ, ಸುತ್ತು ಹಾಕಿ, ಕೆಳಕ್ಕೆ ಎಂಬುದನ್ನೆಲ್ಲ ಕ್ರಿಯಾಪದದ ಮುಂದೆ ಅಂಟುವ ಇಂಥ ಚಿಕ್ಕ ಉಪಸರ್ಗಗಳೇ ಹೇಳುತ್ತವೆ. ಇಂಗ್ಲಿಷ್ ಅದನ್ನು ಕ್ರಿಯಾಪದದ ಹಿಂದೆ ಬರುವ ಬಿಡಿ ಪದಗಳಿಂದ ಹೇಳುತ್ತದೆ. ಕನ್ನಡದವರಾದ ನಾವು ‘ಓಡಿ ಹೊರಗೆ ಬಂದಳು’, ‘ದಾಟಿಕೊಂಡು ಹೋದ’ ಎಂದು ಕ್ರಿಯೆಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತೇವೆ.

ಕನ್ನಡದ ಮಾತು ಬಂದದ್ದರಿಂದ, ಇಂಗ್ಲಿಷ್‌ನ ‘ಟೇಕ್’ ಮತ್ತು ‘ಬ್ರಿಂಗ್’ ಎಂಬ ಪದಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಮಗುವನ್ನಾದರೂ ಪಾರ್ಸೆಲನ್ನಾದರೂ ಇಂಗ್ಲಿಷ್ ಒಂದೇ ಪದದಿಂದ ಸಾಗಿಸುತ್ತದೆ. ನಾವು ಮಗುವನ್ನು ಕರೆದುಕೊಂಡು ಹೋಗುತ್ತೇವೆ, ಪಾರ್ಸೆಲನ್ನು ತೆಗೆದುಕೊಂಡು ಹೋಗುತ್ತೇವೆ. ಅದಲು ಬದಲು ಮಾಡಿದರೆ ಕೇಳಿದವರು ನಗುತ್ತಾರೆ. ಪೋಲಿಷ್ ಈ ವಿಷಯದಲ್ಲಿ ಇಂಗ್ಲಿಷ್‌ಗಿಂತ ನಮಗೆ ಹತ್ತಿರ. ಮಗುವನ್ನು ನಡೆಸಿಕೊಂಡು ಶಾಲೆಗೆ ಬಿಟ್ಟು ಬರುವುದು ‘ಜಪ್ರೊವಾಜಿಚ್’, ಪಾರ್ಸೆಲನ್ನು ಕೈಯಲ್ಲಿ ಹಿಡಿದು ನಡೆದು ಅಂಚೆಗೆ ಮುಟ್ಟಿಸುವುದು ‘ಜಾನ್ಯೆಶ್ಚ್’. ಇದರ ಮೇಲೆ ಪೋಲಿಷ್ ತನ್ನದೇ ಆದ ಇನ್ನೊಂದು ಪದರವನ್ನೂ ಸೇರಿಸಿದೆ: ವಾಹನ ಬಂದರೆ ಮಗುವಿಗೂ ಪಾರ್ಸೆಲಿಗೂ ‘ಜಾವ್ಯೆಶ್ಚ್’ ಎಂಬ ಒಂದೇ ಪದ ಸಾಕು. ತರುವ ದಿಕ್ಕಿನಲ್ಲೂ ‘ಪ್ಷಿಪ್ರೊವಾಜಿಚ್’, ‘ಪ್ಷಿನ್ಯೆಶ್ಚ್’, ‘ಪ್ಷಿವ್ಯೆಶ್ಚ್’ ಎಂದು ಇದೇ ಮೂರು ಮತ್ತೆ ಬರುತ್ತವೆ. ಹೀಗಿರುವಾಗ ಇಂಗ್ಲಿಷ್ ಬಿಟ್ಟು ನೇರವಾಗಿ ಕನ್ನಡದಲ್ಲೇ ಕೇಳಿದರೆ ಉತ್ತಮ ಉತ್ತರ ಸಿಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ನಾನು ಅದನ್ನೂ ಬಹುಕಾಲ ಪರೀಕ್ಷಿಸಿ ನೋಡಿದ್ದೇನೆ, ಫಲ ನಿರಾಶೆಯೇ. ಕನ್ನಡದಿಂದ ಪೋಲಿಷ್‌ಗೆ ಬರುವ ಉತ್ತರಗಳನ್ನು ನೋಡಿದರೆ ವಾಕ್ಯ ನಡುವೆ ಎಲ್ಲೋ ಇಂಗ್ಲಿಷ್‌ನ ಮನೆಯೊಳಗೆ ಹಾದು ಬಂದಿದೆ ಎಂದು ಅನುಮಾನ ಬರುತ್ತದೆ. ಇದಕ್ಕೆ ‘ನೀವು’ ಎಂಬ ಪದವೇ ಸಾಕ್ಷಿ. ನೆರೆಮನೆಯ ಹಿರಿಯ ಮಹಿಳೆಯನ್ನು ಉದ್ದೇಶಿಸಿ ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ’ ಎಂದು ಬರೆದರೆ ಆ್ಯಪ್ ‘ದೊಕೊಂತ್ ಇಜೆಶ್’ ಎಂದು ಕೊಡುತ್ತದೆ, ಅಂದರೆ ನೇರ ಏಕವಚನ. ಗೌರವದಿಂದ ಕೇಳಬೇಕಾದರೆ ‘ದೊಕೊಂತ್ ಪಾನಿ ಇಜೆ’ ಎನ್ನಬೇಕು. ನಾವು ಬಹುವಚನದಲ್ಲಿ ಇಟ್ಟು ಕಳುಹಿಸಿದ ಮರ್ಯಾದೆ ದಾರಿಯಲ್ಲಿ ಕಳೆದುಹೋಗುತ್ತದೆ. ಕರೆದುಕೊಂಡು ಹೋಗುವುದಕ್ಕೂ ತೆಗೆದುಕೊಂಡು ಹೋಗುವುದಕ್ಕೂ ನಡುವಿನ ಭೇದಕ್ಕೆ ಅನೇಕ ಸಲ ಆಗುವುದೂ ಇದೇ ಗತಿ.

ಮಹಿಳೆಯರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ‘ಹೋದನು’, ‘ಹೋದಳು’ ಎಂದು ಮೂರನೆಯವರ ವಿಷಯದಲ್ಲಿ ಕನ್ನಡವೂ ಲಿಂಗವನ್ನು ತೋರಿಸುತ್ತದೆ, ಆದರೆ ‘ನಾನು ಹೋದೆ’ ಎಂಬುದರಲ್ಲಿ ಹೇಳುವವರು ಯಾರೆಂಬುದು ಗೊತ್ತಾಗುವುದಿಲ್ಲ. ಪೋಲಿಷ್‌ನಲ್ಲಿ ಭೂತಕಾಲದ ‘ನಾನು’ ಕೂಡ ತನ್ನ ಲಿಂಗವನ್ನು ಹೇಳಲೇಬೇಕು: ಗಂಡಸು ‘ಪೊಶೆದ್ವೆಮ್’ ಎನ್ನುತ್ತಾನೆ, ಹೆಂಗಸು ‘ಪೊಶ್ವಾಮ್’ ಎನ್ನುತ್ತಾಳೆ. ಹೆಂಗಸರೇ ಇರುವ ಗುಂಪಾದರೆ ‘ಪೊಶ್ವಿಶ್ಮಿ’, ಅದರಲ್ಲಿ ಒಬ್ಬ ಗಂಡಸು ಸೇರಿದರೂ ‘ಪೊಶ್ಲಿಶ್ಮಿ’. ಬೇರೆ ಸುಳಿವಿಲ್ಲದಿದ್ದರೆ ಆ್ಯಪ್ ನನ್ನನ್ನು ಗಂಡಸೆಂದೇ ಭಾವಿಸುತ್ತದೆ. ಬ್ಯಾಂಕಿಗೂ ಮನೆಯ ಮಾಲೀಕರಿಗೂ ಸಂದೇಶ ಬರೆಯುವಾಗ ‘ನಾನು ಮಹಿಳೆ’ ಎಂಬ ಅರ್ಥದ ಒಂದು ವಾಕ್ಯವನ್ನು ಮೊದಲಿಗೆ ಸೇರಿಸಿ, ಅನುವಾದವಾದ ಮೇಲೆ ಅದನ್ನು ಅಳಿಸುವುದು ನನ್ನ ಉಪಾಯ. ಅದೂ ಎಲ್ಲ ಸಲ ಕೈಹಿಡಿಯುವುದಿಲ್ಲವಾದ್ದರಿಂದ ಕ್ರಿಯಾಪದದ ಕೊನೆಯನ್ನು ಕಣ್ಣಿಟ್ಟು ನೋಡುತ್ತೇನೆ.

‘ಬಾ’ ಎಂಬುದರಲ್ಲಿ ಸೊಗಸಾದ ತೊಡಕುಗಳಿವೆ. ಬರಲು ಕರೆಯುವ ‘ಹೊಚ್’ ಎಂಬ ಆಜ್ಞಾರೂಪ ಹುಟ್ಟಿರುವುದು ಓಡಾಡು ಎಂಬ ಅರ್ಥದ ‘ಹೊಜಿಚ್‌’ನಿಂದ, ‘ಇಚ್’ ಎಂದರೆ ಹೋಗು. ಯಾರಾದರೂ ಕರೆದಾಗ ನಾವು ‘ಬಂದೆ’ ಎಂದು ಇನ್ನೂ ಎದ್ದೇಳುವ ಮೊದಲೇ ಭೂತಕಾಲದಲ್ಲಿ ಉತ್ತರಿಸುತ್ತೇವೆ. ಇಂಗ್ಲಿಷರೂ ಬರುವ ಕ್ರಿಯಾಪದವನ್ನೇ ಬಳಸುತ್ತಾರೆ. ಪೋಲಿಷರಾದರೋ ‘ಯುಶ್ ಇದೆ’, ಅಂದರೆ ಆಗಲೇ ಹೋಗುತ್ತಿದ್ದೇನೆ ಎನ್ನುತ್ತಾರೆ. (ಈ ‘ಇದೆ’ ನಮ್ಮ ಕಿವಿಗೆ ನಮ್ಮದೇ ‘ಇದೆ’ಯಂತೆ ಬೀಳುವುದರಿಂದ ಮರೆಯುವ ಪ್ರಶ್ನೆಯೇ ಇಲ್ಲ.) ಆ್ಯಪ್ ಈ ವಾಕ್ಯವನ್ನು ಸರಿಯಾಗಿ ಕೊಡುತ್ತದೆ. ಮನೆಯಿಂದ ಹೊರಡುವಾಗ ಹೇಳುವ ‘ಹೋಗಿ ಬರ್ತೀನಿ’ ಎಂಬುದನ್ನು ಕನ್ನಡದಲ್ಲಿ ಕೊಟ್ಟರೆ ಮಾತ್ರ ಹೋಗುವುದನ್ನೂ ಬರುವುದನ್ನೂ ಅಕ್ಷರಶಃ ಅನುವಾದಿಸಿ ಬೀಳ್ಕೊಡುಗೆಯ ಮಾತನ್ನು ಪ್ರಯಾಣದ ವರದಿಯನ್ನಾಗಿ ಮಾಡಿಬಿಡುತ್ತದೆ.

ಸ್ಥಳಗಳ ಮುಂದೆ ಬರುವ ಚಿಕ್ಕ ಪದಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ರಾಕುಫ್‌ಗೆ ‘ದೊ’, ಅಂಚೆ ಕಚೇರಿಗೂ ವಿಮಾನ ನಿಲ್ದಾಣಕ್ಕೂ ‘ನಾ’, ಬೆಟ್ಟಗಳಿಗೆ ‘ವ್’, ಸಮುದ್ರತೀರಕ್ಕೆ ‘ನಾದ್’ ಎಂಬ ವ್ಯತ್ಯಾಸಗಳನ್ನು ಆ್ಯಪ್ ಅಚ್ಚುಕಟ್ಟಾಗಿ ನಿಭಾಯಿಸುತ್ತದೆ. ಟ್ರಾಮ್ ಹತ್ತುವುದು, ಇಳಿಯುವುದು, ಬದಲಾಯಿಸುವುದು ಈ ಮೂರಕ್ಕೂ ಪೋಲಿಷ್ ಕೂರುವ ಕ್ರಿಯಾಪದದಿಂದ ಹುಟ್ಟಿದ ‘ಫ್‌ಶೊಂಶ್ಚ್’, ‘ವಿಶೊಂಶ್ಚ್’, ‘ಪ್ಷೆಶೊಂಶ್ಚ್ ಶೆ’ ಎಂಬ ಪದಗಳನ್ನು ಬಳಸುತ್ತದೆ, ಬೆಳಗಿನ ಜನಜಂಗುಳಿಯಲ್ಲಿ ಕೂರಲು ಜಾಗ ಸಿಕ್ಕರೂ ಸಿಗದಿದ್ದರೂ. ಅವನ್ನೂ ಆ್ಯಪ್ ತಪ್ಪಿಲ್ಲದೆ ಕೊಡುತ್ತದೆ.

ಕಠಿಣವಾಗಿ ಉಳಿದಿರುವುದು ಕ್ರಿಯೆ ಮುಗಿಯಿತೋ ಇಲ್ಲವೋ ಎಂಬ ಭೇದ. ಜಿಮ್‌ಗೆ ಹೋದೆ ಎಂಬ ಇಂಗ್ಲಿಷ್ ವಾಕ್ಯ ಪೋಲಿಷ್‌ನಲ್ಲಿ ಮೂರು ದಾರಿ ಹಿಡಿಯಬಹುದು: ಹೋಗಲು ಹೊರಟೆ, ಹೋಗುತ್ತಿದ್ದ ರೂಢಿಯಿತ್ತು, ಅಲ್ಲಿಗೆ ಹೋಗಿ ಬಂದೆ. ಮೂರನೆಯದಕ್ಕೆ ಪೋಲಿಷರು ಬಹಳ ಸಲ ಚಲನೆಯ ಪದವನ್ನೇ ಬಿಟ್ಟು ‘ಅಲ್ಲಿದ್ದೆ’ ಎಂಬ ಅರ್ಥದ ‘ಬಿವಾಮ್’ ಎನ್ನುತ್ತಾರೆ. ಆ್ಯಪ್ ಸಾಮಾನ್ಯವಾಗಿ ಮೊದಲನೆಯದನ್ನೇ ಕೊಡುತ್ತದೆ. ನಿನ್ನೆ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಅದು ತಪ್ಪೇನಲ್ಲ, ಆದರೆ ಕತೆಯೊಂದು ಮುಂದುವರಿಯಲಿದೆ ಎಂಬ ನಿರೀಕ್ಷೆಯನ್ನು ಕೇಳುವವರಲ್ಲಿ ಹುಟ್ಟಿಸುತ್ತದೆ. ನಿಷೇಧದಲ್ಲಿ ಇನ್ನೊಂದು ತಿರುವಿದೆ. ಒಳಗೆ ಬಾ ಎನ್ನಲು ಮುಗಿದ ಕ್ರಿಯೆಯ ರೂಪ, ಒಳಗೆ ಬರಬೇಡ ಎನ್ನಲು ಮುಗಿಯದ ಕ್ರಿಯೆಯ ರೂಪ.

ಇಂಥ ಕಡೆ ನಾನು ಆ್ಯಪ್‌ ಅನ್ನು ಬದಿಗಿಟ್ಟು ಪೋಲಿಷ್ ವಿಜ್ಞಾನ ಅಕಾಡೆಮಿಯ ಪೋಲಿಷ್ ಭಾಷಾ ಸಂಸ್ಥೆ ಸಿದ್ಧಪಡಿಸುತ್ತಿರುವ ‘ವ್ಯೆಲ್ಕಿ ಸ್ವೊವ್ನಿಕ್ ಯೆಂಜಿಕಾ ಪೊಲ್‌ಸ್ಕ್ಯೆಗೊ’ ಎಂಬ ಅಂತರ್ಜಾಲ ನಿಘಂಟನ್ನು ತೆರೆಯುತ್ತೇನೆ. ಅದು ಉಚಿತವಾಗಿದೆ; ಪ್ರತಿ ಕ್ರಿಯಾಪದದ ರೂಪಗಳು, ಅದು ಮುಗಿದ ಕ್ರಿಯೆಯದೋ ಅಲ್ಲವೋ ಎಂಬ ಗುರುತು, ಜೊತೆಗೆ ಬರುವ ಪದಗಳು ಎಲ್ಲವೂ ಅದರಲ್ಲಿ ಸಿಗುತ್ತವೆ. ವಿವರಣೆಯೆಲ್ಲ ಪೋಲಿಷ್‌ನಲ್ಲೇ ಇರುವುದರಿಂದ ಆರಂಭದವರಿಗೆ ಅದು ಭಾರವಾಗಬಹುದು, ಆ ಭಾರ ಇಳಿಸಲು ನಮ್ಮ ಆ್ಯಪ್ ಇದ್ದೇ ಇದೆ. ದೀರ್ಘಾವಧಿಯ ನಿವಾಸದ ಅನುಮತಿಗೆ ಬಿ1 ಎಂಬ ಮಧ್ಯಮ ಮಟ್ಟದ ಪೋಲಿಷ್ ತೋರಿಸಬೇಕಾಗಿರುವುದರಿಂದ ಇಲ್ಲಿರುವ ಭಾರತೀಯರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಈ ಕ್ರಿಯಾಪದಗಳ ಎದುರು ಆ್ಯಪ್ ಇಲ್ಲದೆ ಕೂರಬೇಕಾಗುತ್ತದೆ.

ಹಣದ ಮಾತಿಗೆ ಬಂದರೆ, ಆ್ಯಪ್‌ನ ಉಚಿತ ಆವೃತ್ತಿಯೇ ದಿನಬಳಕೆಗೆ ಸಾಕು. ಚಂದಾ ಕಟ್ಟಿದರೆ ದೊಡ್ಡ ಕಡತಗಳನ್ನು ಒಮ್ಮೆಗೇ ಅನುವಾದಿಸಬಹುದು. ಚಲನೆಯ ಕ್ರಿಯಾಪದಗಳ ಆಯ್ಕೆಯಲ್ಲಿ ಅದರಿಂದ ನನಗೆ ಯಾವ ಸುಧಾರಣೆಯೂ ಕಾಣಲಿಲ್ಲವಾದ್ದರಿಂದ ನಾನು ಚಂದಾವನ್ನು ಮುಂದುವರಿಸಲಿಲ್ಲ. ಖರ್ಚು ಮಾಡಲು ಮನಸ್ಸಿರುವವರು ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಪೋಲೆಂಡಿನ ಪ್ರಕಾಶನ ಸಂಸ್ಥೆ ಪಿಡಬ್ಲ್ಯೂಎನ್ ಮತ್ತು ಆಕ್ಸ್‌ಫರ್ಡ್ ಸೇರಿ ತಂದ ಪಿಡಬ್ಲ್ಯೂಎನ್-ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟನ್ನು ಹುಡುಕಬಹುದು. ಇಂಗ್ಲಿಷ್-ಪೋಲಿಷ್ ಸಂಪುಟ 2002ರಲ್ಲಿ, ಪೋಲಿಷ್-ಇಂಗ್ಲಿಷ್ ಸಂಪುಟ 2004ರಲ್ಲಿ ಬಂದಿವೆ. ಒಂದನ್ನೇ ಕೊಳ್ಳುವುದಾದರೆ ಮೊದಲನೆಯದನ್ನು ಕೊಳ್ಳಿ. ‘ಗೋ’ ಪದದ ಕೆಳಗೆ ಅದು ಬಿಟ್ಟುಕೊಟ್ಟಿರುವ ಜಾಗವನ್ನು ನೋಡಿದರೆ ಆ್ಯಪ್ ಒಂದೇ ಸಾಲಿನಲ್ಲಿ ಎಷ್ಟನ್ನು ನುಂಗಿ ಕೂತಿದೆ ಎಂಬುದು ಗೊತ್ತಾಗುತ್ತದೆ.