ಅರಗಿನ ಚಕ್ಕೆ: ಅರ್ಧ ಗಂಟೆ ಬಿಡುವಿಗೆ ಒಗ್ಗುವ ಪಾಲಿಷ್

ಮರದ ಸಾಮಾನಿಗೆ ಯಾವ ಪಾಲಿಷ್ ಒಳ್ಳೆಯದು ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹೊಳಪು ಎಷ್ಟು, ಬಾಳಿಕೆ ಎಷ್ಟು, ನೀರು ಬಿದ್ದರೆ ತಡೆಯುತ್ತದೆಯೇ ಅನ್ನುವುದೇ ಎಲ್ಲರ ಲೆಕ್ಕ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದು, ಯಾವ ಗಳಿಗೆಯಲ್ಲಿ ಒಳಗಿಂದ ಕರೆ ಬರುತ್ತದೋ ಎಂದು ಕಿವಿ ಅತ್ತಲೇ ಇಟ್ಟುಕೊಂಡವರ ಕೈಗೆ ಯಾವುದು ಒಗ್ಗುತ್ತದೆ ಅಂತ ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಒಗ್ಗಿದ್ದು ಅರಗು, ಅಂದರೆ ಚಕ್ಕೆಯ ರೂಪದಲ್ಲಿ ಸಿಗುವ ಶೆಲ್ಯಾಕ್.

ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತ ಮೇಲೆ ನಮ್ಮ ದಿನದ ಲೆಕ್ಕವೇ ಬೇರೆಯಾಯಿತು. ಮಾತ್ರೆ, ಮಗ್ಗುಲು ಬದಲಿಸುವುದು, ವ್ಯಾಯಾಮ, ಸ್ನಾನ, ಮತ್ತೆ ಮಾತ್ರೆ. ನಡುವೆ ಸಿಗುವ ಬಿಡುವು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಆ ಹೊತ್ತಲ್ಲಿ ಪುಸ್ತಕ ಹಿಡಿದರೆ ಕಣ್ಣು ಸಾಲಿನ ಮೇಲೆ ಓಡುತ್ತಿತ್ತೇ ಹೊರತು ತಲೆಗೆ ಏನೂ ಇಳಿಯುತ್ತಿರಲಿಲ್ಲ. ಫೋನ್ ಹಿಡಿದರೆ ಆ ಕಾಯಿಲೆಯನ್ನೇ ಹುಡುಕುತ್ತಿದ್ದೆ, ಓದಿದಷ್ಟೂ ಹೆದರಿಕೆ. ಕೈಗೆ ಒಂದು ಕೆಲಸ ಬೇಕಿತ್ತು. ಮನೆಯಲ್ಲಿ ತೇಗದ ಹಳೆಯ ಮೇಜೊಂದು ಬಣ್ಣಗೆಟ್ಟು, ಲೋಟದ ಬಿಳಿ ಕಲೆಗಳನ್ನು ಹೊತ್ತು ನಿಂತಿತ್ತು. ಅದನ್ನು ಹಿಡಿದೆ.

ಮೊದಲು ತಂದಿದ್ದು ಮಾಮೂಲಿ ವಾರ್ನಿಷ್. ಅದು ಕೆಟ್ಟದ್ದಲ್ಲ, ಆದರೆ ನನ್ನಂಥವರಿಗಲ್ಲ. ಒಂದು ಕೋಟು ಬಳಿದರೆ ಇಡೀ ರಾತ್ರಿ ಒಣಗಬೇಕು, ಅಷ್ಟರೊಳಗೆ ಧೂಳು ಕೂರುತ್ತದೆ. ಬ್ರಷ್ಷನ್ನು ಆಗಲೇ ಥಿನ್ನರ್‌ನಲ್ಲಿ ತೊಳೆಯದಿದ್ದರೆ ಕಟ್ಟಿಗೆಯಾಗುತ್ತದೆ. ಅರ್ಧ ಹಲಗೆ ಬಳಿದಾಗ ಒಳಗಿಂದ ಕರೆ ಬಂದರೆ ಎದ್ದು ಹೋಗದೆ ವಿಧಿಯಿಲ್ಲ, ಬಂದು ನೋಡಿದರೆ ನಿಲ್ಲಿಸಿದ ಜಾಗದಲ್ಲಿ ಗೆರೆ ಬಿದ್ದಿರುತ್ತದೆ. ಆಮೇಲೆ ಒಂದು ಅಂಗಡಿಯಲ್ಲಿ ಕಲಸಿಟ್ಟ ಅರಗಿನ ಪಾಲಿಷ್ ಕೊಟ್ಟರು. ಡಬ್ಬಿಯ ಮೇಲೆ ತಯಾರಾದ ತಾರೀಕೇ ಇರಲಿಲ್ಲ. ಬಳಿದದ್ದು ಗಂಟೆಗಟ್ಟಲೆ ಬಿಟ್ಟರೂ ಬೆರಳಿಗೆ ಅಂಟುತ್ತಿತ್ತು. ಸ್ಪಿರಿಟ್ಟಿನಲ್ಲಿ (ಮಿಥಿಲೇಟೆಡ್ ಸ್ಪಿರಿಟ್, ಅಂದರೆ ಕುಡಿಯಲಾಗದಂತೆ ಮಾಡಿದ ಆಲ್ಕೋಹಾಲ್) ಕರಗಿದ ಅರಗು ಇಟ್ಟಷ್ಟೂ ನಿಧಾನವಾಗಿ ಅದರ ಜೊತೆ ರಾಸಾಯನಿಕವಾಗಿ ಬೆರೆಯುತ್ತಾ ಹೋಗುತ್ತದೆ. ಸುಮಾರು ಆರು ತಿಂಗಳು ದಾಟಿದ ಮೇಲೆ ಗಟ್ಟಿಯಾಗಿ ಒಣಗುವುದರ ಬಗ್ಗೆ ಭರವಸೆಯಿಲ್ಲ. ಹಳೆಯ ದ್ರಾವಣವಿದ್ದರೆ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ, ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಬೇಕು. ಚಕ್ಕೆ ಕೊಂಡರೆ ಈ ರಗಳೆಯೇ ಇಲ್ಲ, ಬೇಕಾದಾಗ ಬೇಕಾದಷ್ಟೇ ಕಲಸಿಕೊಳ್ಳಬಹುದು.

ವಸ್ತುವಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದು ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆ ರೆಂಬೆಗಳ ಮೇಲೆ ಒಂದು ಸಣ್ಣ ಕೀಟ ಗುಂಪುಗುಂಪಾಗಿ ಕೂತು ರಸ ಹೀರುತ್ತಾ, ತನ್ನ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಆ ಅಂಟನ್ನು ಕೆರೆದು, ತೊಳೆದು, ಕರಗಿಸಿ, ತೆಳ್ಳಗೆ ಎಳೆದು ಮುರಿದರೆ ಚಕ್ಕೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಬಹುಪಾಲು, ವಿನೈಲ್ ಬರುವವರೆಗೂ, ಇದೇ ಅರಗು ಬೆರೆಸಿದ ಮಿಶ್ರಣದಿಂದ ಆಗುತ್ತಿದ್ದವು. ಕೆಲವು ಮಾತ್ರೆಗಳ ಮೇಲಿನ ಹೊಳೆಯುವ ಲೇಪವೂ ಇದೇ. 1920ರ ದಶಕದಲ್ಲಿ ಕಾರ್ಖಾನೆಗಳು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಬೇಗ ಒಣಗುವ ಪಾಲಿಷ್ ಸಿಂಪಡಿಸಲು ತೊಡಗುವವರೆಗೂ ಒಳ್ಳೆಯ ಪೀಠೋಪಕರಣಗಳಿಗೆ ಅರಗನ್ನು ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಉಜ್ಜಿ ಹಚ್ಚುವ ಫ್ರೆಂಚ್ ಪಾಲಿಷ್ಷೇ ಹೆಚ್ಚಾಗಿ ಬಳಕೆಯಲ್ಲಿತ್ತು.

ಚಕ್ಕೆಯಲ್ಲಿ ಬಣ್ಣಗಳ ಸಾಲೇ ಇದೆ, ಗಾಢ ಕಂದಿನಿಂದ ಹಿಡಿದು ಕಿತ್ತಳೆ, ನಿಂಬೆ, ತಿಳಿಹೊನ್ನಿನವರೆಗೆ. ನಾನು ತಗೊಂಡಿದ್ದು ಮೇಣ ತೆಗೆದ ತಿಳಿಬಣ್ಣದ್ದು. ಸಹಜ ಅರಗಿನಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಮೇಣ ಇರುತ್ತದೆ. ಮುಂದೆ ಎಂದಾದರೂ ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ ವಾರ್ನಿಷ್ ಬಳಿಯುವ ಯೋಚನೆಯಿದ್ದರೆ ಮೇಣ ತೆಗೆದದ್ದೇ ಬೇಕು, ಇಲ್ಲದಿದ್ದರೆ ಮೇಲಿನ ಪದರ ಹಿಡಿಯುವುದಿಲ್ಲ. ತೇಗ, ಬೀಟೆಯಂಥ ಮರಕ್ಕೆ ಕಿತ್ತಳೆಯ ಚಕ್ಕೆ ಕೊಡುವ ಬೆಚ್ಚಗಿನ ಬಣ್ಣವೂ ಚೆಂದವೇ.

ಕಲಸುವ ಅಳತೆ ಸುಲಭ. 250 ಮಿಲಿ ಸ್ಪಿರಿಟ್ಟಿಗೆ 30 ಗ್ರಾಂ ಚಕ್ಕೆ. ಬಟ್ಟೆಯಲ್ಲಿ ಉಜ್ಜುವುದಕ್ಕೆ ಇದು ಸರಿಯಾದ ತೆಳುವು. ಬ್ರಷ್‌ನಲ್ಲಿ ಬಳಿಯುವವರು ಇದರ ಎರಡರಷ್ಟು ಚಕ್ಕೆ ಹಾಕಬಹುದು. ಗಾಜಿನ ಭರಣಿಯಲ್ಲೇ ಕಲಸಿ, ಕಬ್ಬಿಣದ ಡಬ್ಬಿಯಲ್ಲಿ ಅರಗು ಕಪ್ಪಿಡುತ್ತದೆ. ರಾತ್ರಿ ಹಾಕಿಟ್ಟು, ನೆನಪಾದಾಗೆಲ್ಲ ಒಮ್ಮೆ ಕುಲುಕಿದರೆ ಬೆಳಗಿಗೆ ಕರಗಿರುತ್ತದೆ. ರಾತ್ರಿ ಮಾತ್ರೆ ಕೊಡಲು ಎದ್ದಾಗ ಭರಣಿಯನ್ನೂ ಒಮ್ಮೆ ಅಲ್ಲಾಡಿಸಿ ಬರುತ್ತಿದ್ದೆ. ತಳದಲ್ಲಿ ಮುದ್ದೆಗಟ್ಟಿದ್ದ ಚಕ್ಕೆ ಸಡಿಲವಾಗಿ ತೇಲುವುದನ್ನು ದೀಪಕ್ಕೆ ಹಿಡಿದು ನೋಡುವುದು ಎಷ್ಟು ಹಿತವಾಗಿತ್ತು ಎಂದರೆ, ಆ ಹೊತ್ತಿನಲ್ಲಿ ಎಚ್ಚರವಾಗುವುದು ಮೊದಲಿನಷ್ಟು ಭಾರ ಅನ್ನಿಸಲಿಲ್ಲ.

ಹಚ್ಚುವುದೇ ಇದರ ಜೀವ. ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿಯುವಷ್ಟು ಉಂಡೆ ಮಾಡಿ, ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಬೇಕು. ತಳದಲ್ಲಿ ಒಂದು ಮಡಿಕೆಯೂ ಇರಬಾರದು. ಒಳಗಿನ ಹತ್ತಿಗೆ ದ್ರಾವಣ ಕುಡಿಸಿ, ಒಂದು ಕಾಗದದ ಮೇಲೆ ಒತ್ತಿದರೆ ಒದ್ದೆ ಗುರುತು ಮೂಡಬೇಕು, ಹನಿ ಇಳಿಯಬಾರದು. ಹಲಗೆಯನ್ನು 120, 180, 240 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಕ್ರಮವಾಗಿ ಉಜ್ಜಿ ಧೂಳು ಒರೆಸಿರಬೇಕು. ಉಂಡೆಯನ್ನು ವಿಮಾನ ನೆಲಕ್ಕೆ ಇಳಿಯುವ ಹಾಗೆ ಓರೆಯಾಗಿ ತಂದು ತಾಗಿಸಿ, ನಿಲ್ಲಿಸದೆ ಮುಂದೆ ಸಾಗಿ, ಹಾಗೇ ಮೇಲೆತ್ತಬೇಕು. ಮಧ್ಯೆ ನಿಂತಿರೋ, ಬಟ್ಟೆ ಅಲ್ಲೇ ಅಂಟಿ ನೇಯ್ಗೆಯ ಅಚ್ಚು ಬೀಳುತ್ತದೆ. ಮೊದಲು ಉದ್ದುದ್ದ, ಆಮೇಲೆ ಸುತ್ತುಸುತ್ತು, ಕೊನೆಗೆ 8 ಬರೆದ ಹಾಗೆ. ಪದರ ಕೂರುತ್ತಾ ಬಂದಂತೆ ಉಂಡೆ ಹಿಡಿದೆಳೆಯಲು ಶುರುಮಾಡುತ್ತದೆ. ಆಗ ತಳಕ್ಕೆ ಒಂದೇ ಹನಿ ಎಣ್ಣೆ. ಉಂಡೆಯ ಹಿಂದೆಯೇ ಒಂದು ಮಂಜಿನ ಬಾಲ ಓಡುತ್ತದೆ, ಸ್ಪಿರಿಟ್ ಆರುತ್ತಿರುವ ಗುರುತು ಅದು. ಬಾಲ ಕಾಣುತ್ತಿದೆ ಎಂದರೆ ಒದ್ದೆಯ ಹದ ಸರಿಯಿದೆ. ನಾನು ಆ ಬಾಲವನ್ನೇ ನೋಡುತ್ತಾ ಉಜ್ಜುತ್ತಿದ್ದೆ. ಅಷ್ಟು ಹೊತ್ತೂ ರಕ್ತದೊತ್ತಡದ ಅಂಕಿಗಳು, ಮುಂದೇನು ಎಂಬ ಪ್ರಶ್ನೆ ಹತ್ತಿರ ಸುಳಿಯುತ್ತಿರಲಿಲ್ಲ. ಕೈ ನಿಂತರೆ ಕೆಲಸ ಕೆಡುತ್ತದೆ, ಹಾಗಾಗಿ ಮನಸ್ಸಿಗೂ ಬೇರೆಡೆ ಹೋಗುವ ಪುರುಸೊತ್ತಿಲ್ಲ.

ಇನ್ನು ನಾನು ಇದಕ್ಕೆ ಪೂರ್ತಿ ಅಂಕ ಕೊಡಲು ಕಾರಣವಾದ ಗುಣ. ಒಣಗಿದ ಅರಗಿನ ಮೇಲೆ ಹೊಸದನ್ನು ಹಚ್ಚಿದರೆ, ಅದರಲ್ಲಿರುವ ಸ್ಪಿರಿಟ್ ಹಳೆಯ ಪದರವನ್ನೂ ತುಸು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಮೊನ್ನೆ ಬಿಟ್ಟ ಕೆಲಸಕ್ಕೂ ಇವತ್ತು ಹಿಡಿದದ್ದಕ್ಕೂ ನಡುವೆ ಸೇರುಗೆರೆ ಇರುವುದಿಲ್ಲ. ಕರೆ ಬಂತೋ, ಉಂಡೆಯನ್ನು ಬಿಗಿ ಮುಚ್ಚಳದ ಭರಣಿಗೆ ಹಾಕಿ ಏಳುವುದು, ಅಷ್ಟೇ. ಉಂಡೆ ದಿನಗಟ್ಟಲೆ ಮೆತ್ತಗೇ ಇರುತ್ತದೆ, ತೊಳೆಯುವ ಕೆಲಸವಿಲ್ಲ. ಹಚ್ಚಿದ ಪದರ ನಿಮಿಷಗಳಲ್ಲೇ ಕೈಗೆ ಅಂಟದಷ್ಟು ಒಣಗುತ್ತದೆ, ಧೂಳಿಗೂ ಸಮಯ ಸಿಗುವುದಿಲ್ಲ. ಒಂದು ಮೂಲೆ ಕೆಟ್ಟರೆ ಅಷ್ಟನ್ನೇ ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಪದರ ಕಟ್ಟಬಹುದು. ಕಷ್ಟದ ಕಾಲದಲ್ಲಿ ಮನೆಯೊಳಗೆ ಕೈಗೆತ್ತಿಕೊಳ್ಳುವ ಯಾವ ಕೆಲಸಕ್ಕೂ ನಾನೀಗ ಇದನ್ನೇ ಮೊದಲು ನೋಡುತ್ತೇನೆ: ನಡುವೆ ಎದ್ದು ಹೋಗಲು ಬಿಡುತ್ತದೆಯೇ, ತಿರುಗಿ ಬಂದಾಗ ಸೇರಿಸಿಕೊಳ್ಳುತ್ತದೆಯೇ. ಬಹಳಷ್ಟು ಹವ್ಯಾಸಗಳು ಇದರಲ್ಲೇ ಸೋಲುತ್ತವೆ.

ಕೊರತೆಗಳು ಸಣ್ಣವಲ್ಲ. ಬಿಸಿ ಪಾತ್ರೆಯನ್ನು ನೇರವಾಗಿ ಇಡುವಂತಿಲ್ಲ, 75 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅರಗು ಮೆತ್ತಗಾಗುತ್ತದೆ. ನೀರು ಚೆಲ್ಲಿ ಹಾಗೇ ಬಿಟ್ಟರೆ ಬಿಳಿ ಕಲೆ. ಸ್ಪಿರಿಟ್ ಇರುವ ಸ್ಯಾನಿಟೈಸರ್ ಬಿದ್ದರಂತೂ ಪಾಲಿಷ್ ಎದ್ದೇ ಬರುತ್ತದೆ. ರೋಗಿಯಿರುವ ಮನೆಯಲ್ಲಿ ಸ್ಯಾನಿಟೈಸರ್ ಬಾಟಲಿ ಎಲ್ಲೆಂದರಲ್ಲಿ ಇರುತ್ತದಲ್ಲ, ಈ ಮೇಜಿನ ಮೇಲೆ ಅದಕ್ಕೆ ಒಂದು ತಟ್ಟೆ ಇಟ್ಟಿದ್ದೇನೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ. ಹವೆಯಲ್ಲಿ ತೇವ ಹೆಚ್ಚಿದ್ದ ದಿನ ಹಚ್ಚಿದರೆ ಮೇಲ್ಮೈ ಹಾಲಿನಂತೆ ಮಬ್ಬಾಗುತ್ತದೆ. ಸ್ಪಿರಿಟ್ ತಾಗಿಸಿದ ಬಟ್ಟೆಯನ್ನು ಹಗುರವಾಗಿ ಎಳೆದರೆ ಸಾಮಾನ್ಯವಾಗಿ ಹೋಗುತ್ತದೆ, ಆದರೂ ಮಳೆಯ ದಿನ ಬಿಟ್ಟುಬಿಡುವುದೇ ಲೇಸು.

ಸ್ಪಿರಿಟ್ಟಿನ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮಿಥಿಲೇಟೆಡ್ ಸ್ಪಿರಿಟ್ಟಿನಲ್ಲಿ ಮಿಥನಾಲ್ ಇರುತ್ತದೆ, ಅದು ವಿಷ. ಬೆಂಕಿಯೂ ಚಕ್ಕನೆ ಹಿಡಿಯುತ್ತದೆ. ರೋಗಿಯ ಕೋಣೆಯಿಂದ ದೂರ, ಕಿಟಕಿ ತೆರೆದು, ಒಲೆ ದೀಪ ಯಾವುದೂ ಹತ್ತಿರವಿಲ್ಲದ ಕಡೆ ಕೂತು ಮಾಡಿ, ಕೈಗವಸು ಹಾಕಿಕೊಳ್ಳಿ. ಆಕ್ಸಿಜನ್ ಇಟ್ಟ ಮನೆಯಲ್ಲಿ ಈ ಕೆಲಸವೇ ಬೇಡ.

ಮೇಜು ಮುಗಿದ ಮೇಲೆ ನಾನು ಎಣಿಸದ ಒಂದು ಉಪಯೋಗ ಕಂಡಿತು. ಇವರ ಭುಜ, ಮೊಣಕೈ ಆಡಿಸಲು ಫಿಸಿಯೋಥೆರಪಿಸ್ಟ್ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಮೇಜಿನ ಮೇಲೆ ಟವೆಲ್ ಮಡಚಿಟ್ಟು, ಸೋತ ಕೈಯನ್ನು ಅದರ ಮೇಲಿರಿಸಿ, ಗಟ್ಟಿಯಿರುವ ಕೈಯ ಆಸರೆಯಲ್ಲಿ ಮುಂದಕ್ಕೆ ಹಿಂದಕ್ಕೆ ಜಾರಿಸುವುದು. ಮೇಲ್ಮೈ ನುಣುಪಾಗಿದ್ದಷ್ಟೂ ಶ್ರಮ ಕಡಿಮೆ. ಊಟದ ಮೇಜಿನ ಮೇಲೆ ಟವೆಲ್ ತಡೆತಡೆದು ಸಾಗುತ್ತಿತ್ತು, ಇದರ ಮೇಲೆ ಸಲೀಸಾಗಿ ಜಾರುತ್ತದೆ. ಅದನ್ನು ನೋಡಿ ಫಿಸಿಯೋಥೆರಪಿಸ್ಟ್, "ಮೇಡಂ, ಇನ್ನು ಮೇಲೆ ಇದೇ ಟೇಬಲ್ ಇರಲಿ" ಅಂದರು. ಇವರು ಮಾತಿನಲ್ಲಿ ಇನ್ನೂ ತೊದಲುತ್ತಾರೆ, ಆದರೂ ಎಡಗೈಯಿಂದ ಮೇಜು ತಟ್ಟಿ, "ನೀನೇನಾ?" ಅಂತ ಕೇಳಿದರು. ಹೌದು ಅಂದೆ. ಈಗ ಬೆಳಗಿನ ವ್ಯಾಯಾಮಕ್ಕೆ ಟವೆಲ್ ತೆಗೆದುಕೊಡು ಅಂತ ಇವರೇ ಕೈ ತೋರಿಸುತ್ತಾರೆ.

ಅಡುಗೆಮನೆಯ ಕಟ್ಟೆ, ಬಚ್ಚಲಿನ ಕಪಾಟು, ದಿನಾ ಬಿಸಿ ಲೋಟ ಇಡುವ ಟೀಪಾಯಿಗೆ ಅರಗು ಹಚ್ಚಬೇಡಿ. ಓದುವ ಮೇಜು, ಪುಸ್ತಕದ ಕಪಾಟು, ಚಿತ್ರದ ಚೌಕಟ್ಟು, ಬಟ್ಟೆ ಇಡುವ ಡ್ರಾಯರಿನ ಒಳಗೋಡೆಗೆ ಕಣ್ಣುಮುಚ್ಚಿ ಹಚ್ಚಬಹುದು. ಒಣಗಿದ ಮೇಲೆ ವಾಸನೆಯೇ ಉಳಿಯುವುದಿಲ್ಲವಾದ್ದರಿಂದ ಡ್ರಾಯರಿಗಂತೂ ಎಣ್ಣೆಯ ಪಾಲಿಷ್‌ಗಿಂತ ಇದೇ ಮೇಲು. ಚಕ್ಕೆಯನ್ನು ತಂಪಾದ, ಒಣ ಜಾಗದಲ್ಲಿಡಿ, ಸೆಕೆಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಹಳೆಯ ದಾಸ್ತಾನು ಅಂಗಡಿಯಲ್ಲಿ ಕಂಡರೆ ಕೊಳ್ಳಬೇಡಿ. ಮೊದಲ ಸಲಕ್ಕೆ ನೂರು ಗ್ರಾಂಗಿಂತ ಹೆಚ್ಚು ಬೇಕಿಲ್ಲ, ಒಂದು ಮೇಜಿಗೆ ಅದು ಧಾರಾಳ.