ನಾಯಿಯ ಕಿವಿ ಪದೇ ಪದೇ ಸೋರುತ್ತಿದ್ದರೆ: ಬೆಳಗಾವಿಯ ಟಿಳಕವಾಡಿ ಭಾಗದ ಈ ಪಶು ಚಿಕಿತ್ಸಾಲಯದ ಬಗ್ಗೆ

ಟಿಳಕವಾಡಿ ಭಾಗದ ಈ ಖಾಸಗಿ ಪಶು ಚಿಕಿತ್ಸಾಲಯವನ್ನು ನಾನು ಮೆಚ್ಚಿಕೊಳ್ಳಲು ಮುಖ್ಯ ಕಾರಣ ಒಂದೇ. ನಾಯಿಯ ಕಿವಿಯೊಳಗೆ ಇಣುಕಿ ನೋಡದೆ, ಅಲ್ಲಿಂದ ತೆಗೆದ ಗುಗ್ಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಡದೆ ಇಲ್ಲಿ ಕಿವಿಗೆ ಔಷಧ ಬರೆದುಕೊಡುವುದಿಲ್ಲ. ಲಸಿಕೆ, ಜಂತಿನ ಮಾತ್ರೆ, ಉಗುರು ಕತ್ತರಿಸುವುದು ಮುಂತಾದ ಕೆಲಸಗಳು ಊರಿನ ಹಲವು ಕಡೆ ಚೆನ್ನಾಗಿಯೇ ನಡೆಯುವುದರಿಂದ ಅವುಗಳ ಬಗ್ಗೆ ಬರೆಯುತ್ತಿಲ್ಲ. ಕಿವಿಯ ಸೋಂಕು ವಾಸಿಯಾದಂತೆ ಕಂಡು ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಾಣಿಸಿಕೊಳ್ಳುವ ನಾಯಿಗಳನ್ನು ಸಾಕಿದವರಿಗೆ ಉಪಯೋಗವಾಗಲಿ ಎಂಬುದಷ್ಟೇ ಈ ಬರಹದ ಉದ್ದೇಶ.

ನಮ್ಮ ಸೋನು ಗೋಲ್ಡನ್ ರಿಟ್ರೀವರ್ ತಳಿಯ ಹೆಣ್ಣು ನಾಯಿ. ಬೆಳಗಾವಿಯಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದೆ ಮನೆಯ ಗೋಡೆಗಳೇ ತಂಪು ಹಿಡಿಯುವ ದಿನಗಳಲ್ಲಿ ಅವಳ ಕಿವಿಯ ಕಾಯಿಲೆ ಜೋರಾಗುತ್ತಿತ್ತು. ತಲೆ ಕೊಡವುವುದು, ಹಿಂಗಾಲಿನಿಂದ ಕಿವಿಯ ಬುಡ ಕೆರೆದುಕೊಳ್ಳುವುದು, ಕಂದು ಬಣ್ಣದ ಜಿಡ್ಡು, ಹತ್ತಿರ ಹೋದರೆ ಹುಳಿ ವಾಸನೆ, ಪ್ರತಿ ಸಲವೂ ಇವೇ ಲಕ್ಷಣಗಳು. ಮೊದಲು ತೋರಿಸುತ್ತಿದ್ದ ಕಡೆಯಲ್ಲಿ ಕಿವಿಯ ಹಾಳೆಯನ್ನು ಎತ್ತಿಯೂ ನೋಡದೆ ಅದೇ ಹನಿಯ ಬಾಟಲಿಯನ್ನು ಬರೆದುಕೊಡುತ್ತಿದ್ದರು. ಹನಿ ಹಾಕುವಷ್ಟು ದಿನ ಆರಾಮ, ಬಿಟ್ಟ ಮೇಲೆ ಮತ್ತೆ ಅದೇ ಪಾಡು. ಕೊನೆಗೊಮ್ಮೆ ತಲೆ ಕೊಡವಿ ಕೊಡವಿ ಕಿವಿಯ ಹಾಳೆಯೊಳಗಿನ ರಕ್ತನಾಳ ಒಡೆದು, ಹಾಳೆಯಲ್ಲಿ ರಕ್ತ ತುಂಬಿ ದಪ್ಪಗೆ ಊದಿಕೊಂಡಿತು. ಆ ಊತವನ್ನು ಹೊತ್ತುಕೊಂಡೇ ಅವಳು ಈ ಚಿಕಿತ್ಸಾಲಯಕ್ಕೆ ಬಂದಳು.

ಇಲ್ಲಿಯ ವೈದ್ಯೆ ಅದುವರೆಗಿನ ಔಷಧಗಳ ಹೆಸರುಗಳನ್ನೆಲ್ಲ ಕೇಳಿ ಬರೆದುಕೊಂಡ ಮೇಲೆ, "ಔಷಧ ಆಮೇಲೆ ಬರಿತೀನ್ರಿ ಅಕ್ಕಾರ, ಮೊದಲ ಒಳಗ ಏನೈತಿ ನೋಡೋಣ" ಎಂದು ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಒಟೋಸ್ಕೋಪ್ ಕೈಗೆತ್ತಿಕೊಂಡರು. ನಾಯಿಯ ಕಿವಿನಾಳ ಮನುಷ್ಯರದರಂತೆ ನೆಟ್ಟಗಿರುವುದಿಲ್ಲ. ಅದು ಮೊದಲು ಕೆಳಮುಖವಾಗಿ ಇಳಿದು, ನಂತರ ಒಳಗಡೆಗೆ ತಿರುಗಿ ಕಿವಿ ತಮಟೆಯನ್ನು ಮುಟ್ಟುತ್ತದೆ. ಆ ತಿರುವಿನಲ್ಲಿ ನಿಂತ ಜಿಡ್ಡು ಹೊರಗಿನಿಂದ ಕಾಣುವುದಿಲ್ಲ, ತಾನಾಗಿ ಹೊರಗೆ ಬರುವುದೂ ಕಷ್ಟ. ಎರಡೂ ಕಿವಿಗಳನ್ನು ಪರೀಕ್ಷಿಸಿ, ತೊಳೆಯುವ ಮೊದಲೇ ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದು ಕಿವಿಯ ಗುಗ್ಗೆಯನ್ನು ಬೇರೆ ಬೇರೆ ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಅಲ್ಲೇ ಮೂಲೆಯಲ್ಲಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ನಡುವೆ ಸೊಂಟವಿರುವ ಶೇಂಗಾಕಾಯಿಯಂಥ ನೇರಳೆ ಬಣ್ಣದ ಕಣಗಳು ಗುಂಪು ಗುಂಪಾಗಿ ಕಂಡವು. ಅದು ಮಲಸೀಜಿಯಾ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಅಲ್ಪಸ್ವಲ್ಪ ಇರುವ ಈ ಜೀವಿ ಉರಿಯೂತ, ತೇವ ಮತ್ತು ಜಿಡ್ಡು ಹೆಚ್ಚಾದ ಕಿವಿಯಲ್ಲಿ ಮಿತಿ ಮೀರಿ ಬೆಳೆಯುತ್ತದೆ. ಬಲಗಿವಿಯ ಪಟ್ಟಿಯಲ್ಲಿ ಯೀಸ್ಟಿನ ಜೊತೆಗೆ ದುಂಡಗಿನ ಬ್ಯಾಕ್ಟೀರಿಯಾಗಳೂ ಇದ್ದವು. ಒಂದೇ ನಾಯಿಯ ಎರಡು ಕಿವಿಗಳಲ್ಲಿ ಎರಡು ಬಗೆಯ ಸೋಂಕು ಇರಬಹುದೆಂಬುದು ಹೊರಗಿನಿಂದ ನೋಡಿದವರಿಗೆ ಹೇಗೆ ತಿಳಿಯಬೇಕು? ಈ ಪರೀಕ್ಷೆಗೆ ಹಿಡಿದ ಸಮಯ ಒಂದು ಲೋಟ ಚಹಾ ಕುಡಿಯುವಷ್ಟು ಮಾತ್ರ.

ಕಿವಿ ತಮಟೆ ಹರಿಯದೆ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಇಲ್ಲಿ ಕೊಡುವ ಮಹತ್ವವನ್ನೂ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಬಹುತೇಕ ಹನಿಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಒಂದು, ಯೀಸ್ಟಿಗೆ ಒಂದು, ಉರಿಯೂತ ಇಳಿಸಲು ಒಂದು ಸ್ಟಿರಾಯ್ಡ್, ಹೀಗೆ ಮೂರು ಔಷಧಗಳು ಕೂಡಿರುತ್ತವೆ. ತಮಟೆ ಹರಿದಿದ್ದರೆ ಅವುಗಳಲ್ಲಿರುವ ಜೆಂಟಾಮೈಸಿನ್‌ನಂಥ ಔಷಧ ಒಳಗಿವಿಗೆ ಇಳಿದು ಕಿವುಡುತನವನ್ನೋ ತೋಲ ತಪ್ಪುವುದನ್ನೋ ಉಂಟುಮಾಡಬಲ್ಲದು. ಆದ್ದರಿಂದ ಮನೆಯಲ್ಲಿ ಉಳಿದ ಹಳೆಯ ಬಾಟಲಿಯನ್ನು ಮತ್ತೆ ಬಳಸಕೂಡದೆಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡಬಹುದೇ ಎಂದು ನಮ್ಮ ಅತ್ತೆಯವರು ಕೇಳಿದಾಗ, ಎಣ್ಣೆ ಆ ತಿರುವಿನಲ್ಲಿ ನಿಂತು ಯೀಸ್ಟಿಗೆ ಅನುಕೂಲವಾಗುತ್ತದೆಂದು ತಾಳ್ಮೆಯಿಂದ ತಿಳಿಸಿದರು. ಕಿವಿ ಒಣಗಿದಂತೆ ಕಂಡ ಮಾತ್ರಕ್ಕೆ ಹನಿ ನಿಲ್ಲಿಸಲು ಅವರು ಒಪ್ಪಲಿಲ್ಲ. ಮತ್ತೆ ಕರೆಸಿ, ಮತ್ತೆ ಗಾಜಿನ ಪಟ್ಟಿ ನೋಡಿ, ಅದರಲ್ಲಿ ಏನೂ ಉಳಿದಿಲ್ಲವೆಂದು ಖಚಿತವಾದ ಮೇಲಷ್ಟೇ ನಿಲ್ಲಿಸಿದರು. ಬಲಗಿವಿಗೆ ಎಡಗಿವಿಗಿಂತ ಹೆಚ್ಚು ಕಾಲ ಔಷಧ ಬೇಕಾಯಿತು.

ಇಷ್ಟಾದ ಮೇಲೂ ಮೂಲ ಕಾರಣವನ್ನು ಹುಡುಕದಿದ್ದರೆ ಸೋಂಕು ಮರಳುತ್ತದೆ ಎಂಬುದು ಇಲ್ಲಿಯವರ ದೃಢವಾದ ನಿಲುವು, ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸಿದ್ದೂ ಅದೇ. ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ವರ್ಷವೊಂದರಲ್ಲಿ ನೂರಕ್ಕೆ ಸುಮಾರು 7 ನಾಯಿಗಳಿಗೆ ಹೊರಗಿವಿಯ ಉರಿಯೂತ ಕಾಣಿಸಿಕೊಂಡಿದ್ದು, ಬ್ಯಾಸೆಟ್ ಹೌಂಡ್, ಬೀಗಲ್, ಗೋಲ್ಡನ್ ರಿಟ್ರೀವರ್ ಮುಂತಾದ ತಳಿಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಜೋತುಬಿದ್ದ ಕಿವಿ, ಒಳಗಿನ ಕೂದಲು, ಮಳೆಗಾಲದ ತೇವ ಇವು ಸೋಂಕಿಗೆ ನೆರವಾಗುತ್ತವೆಯೇ ಹೊರತು, ಮತ್ತೆ ಮತ್ತೆ ಬರುವ ಸೋಂಕಿನ ಹಿಂದೆ ಬಹಳಷ್ಟು ಸಲ ಇರುವುದು ಅಲರ್ಜಿ. ಸೋನು ತನ್ನ ಪಾದಗಳನ್ನು ನೆಕ್ಕುತ್ತಾಳೆಯೇ, ಹೊಟ್ಟೆಯ ಚರ್ಮ ಕೆಂಪಾಗುತ್ತದೆಯೇ, ದಿನವೂ ಏನು ತಿನ್ನುತ್ತಾಳೆ ಎಂದೆಲ್ಲ ವಿಚಾರಿಸಿ, ಆಹಾರದ ಪರೀಕ್ಷೆಯನ್ನು ಸೂಚಿಸಿದರು. ಕನಿಷ್ಠ 8 ವಾರ ಅವಳು ಹಿಂದೆ ಎಂದೂ ತಿನ್ನದ ಆಹಾರವನ್ನು ಮಾತ್ರ ಕೊಡಬೇಕು. ನಮಗೆ ಹೇಳಿದ್ದು ಬೇಯಿಸಿದ ಮೀನು ಮತ್ತು ಗೆಣಸು. ಅದು ಬೇಡವೆನ್ನುವವರಿಗೆ, ಪ್ರೋಟೀನನ್ನು ಅಲರ್ಜಿ ಕೆರಳಿಸದಷ್ಟು ಸಣ್ಣದಾಗಿ ಒಡೆದ ಸಿದ್ಧ ಆಹಾರವೂ ಇದೆ, ಆದರೆ ಬೆಲೆ ದುಬಾರಿ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ತುಂಡನ್ನು ಸೋನುವಿಗೆ ತಿನ್ನಿಸುವವರು ಅತ್ತೆಯವರು. ವೈದ್ಯೆ ಅವರನ್ನು ಎದುರಿಗೆ ಕೂಡಿಸಿಕೊಂಡು, "ಆಯಿ, ಎರಡ ತಿಂಗಳ ಅಷ್ಟ, ಒಂದ ತುತ್ತೂ ಬ್ಯಾಡ್ರಿ" ಎಂದು ಕೈಹಿಡಿದು ಹೇಳಿದ್ದರಿಂದಲೇ ಆ ಪಥ್ಯ ಕೊನೆಯವರೆಗೂ ನಡೆಯಿತೆಂದು ನಾನು ನಂಬಿದ್ದೇನೆ. ಬಿಸ್ಕತ್ತು, ರುಚಿ ಬೆರೆಸಿದ ಮಾತ್ರೆ ಸಹ ಪರೀಕ್ಷೆಯನ್ನು ಕೆಡಿಸುತ್ತವೆ. ಅವಧಿ ಮುಗಿದ ಮೇಲೆ ಹಳೆಯ ಆಹಾರಗಳನ್ನು ಒಂದೊಂದಾಗಿ ಮರಳಿ ಕೊಡಿಸಿ ನೋಡಿದರು. ಹಾಲಿನಿಂದ ಏನೂ ಆಗಲಿಲ್ಲ, ರೊಟ್ಟಿಯಿಂದಲೂ ಆಗಲಿಲ್ಲ. ಕೋಳಿ ಮಾಂಸ ಕೊಡಲು ಶುರುಮಾಡಿದ ವಾರದೊಳಗೆ ಕಿವಿಯ ಒಳಭಾಗ ಕೆಂಪೇರಿ ಕೆರೆತ ಮರುಕಳಿಸಿತು. ಕೋಳಿಯನ್ನು ಬಿಟ್ಟ ನಂತರದ ಮಳೆಗಾಲವನ್ನು ಸೋನು ಕಿವಿ ಸೋರದೆ ಕಳೆದಳು. ಎಲ್ಲ ನಾಯಿಗಳಲ್ಲೂ ಕಾರಣ ಆಹಾರವೇ ಆಗಿರುವುದಿಲ್ಲ. ಧೂಳಿನ ಹುಳ, ಪರಾಗಗಳ ಅಲರ್ಜಿ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ ಎಂಬುದನ್ನೂ ಅವರು ಮೊದಲೇ ಹೇಳಿದ್ದರು.

ಕಿವಿ ತೊಳೆಯುವುದನ್ನು ಬಾಯಲ್ಲಿ ಹೇಳಿ ಕಳಿಸದೆ, ನಮ್ಮ ಕೈಯಿಂದಲೇ ಮಾಡಿಸಿ ಕಲಿಸುತ್ತಾರೆ. ಹಾಳೆಯನ್ನು ಮೇಲಕ್ಕೆ ಹಿಡಿದು, ದ್ರಾವಣವನ್ನು ನಾಳ ತುಂಬುವಷ್ಟು ಬಿಟ್ಟು, ಕಿವಿಯ ಬುಡವನ್ನು ಬೆರಳುಗಳಿಂದ ಮೆಲ್ಲಗೆ ತಿಕ್ಕಬೇಕು. ಒಳಗೆ ಪಚಪಚ ಸದ್ದು ಬಂದರೆ ದ್ರಾವಣ ತಿರುವಿಗೆ ತಲುಪಿದೆ ಎಂದರ್ಥ. ನಂತರ ನಾಯಿಗೆ ತಲೆ ಕೊಡವಲು ಬಿಟ್ಟು, ಹೊರಗೆ ಬಂದ ಜಿಡ್ಡನ್ನು ಹತ್ತಿಯಿಂದ ಒರೆಸಬೇಕು. ಕಡ್ಡಿಯನ್ನು ಮಾತ್ರ ಒಳಗೆ ಹಾಕಬಾರದು, ಅದು ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.

ಕೊರತೆಗಳೂ ಇವೆ. ಭಾನುವಾರ ಜನಸಂದಣಿ ಬಹಳವಾಗಿದ್ದು, ಬೆಕ್ಕುಗಳನ್ನು ತಂದವರಿಗೆ ಪ್ರತ್ಯೇಕ ಜಾಗವಿಲ್ಲ. ನೋವಿನಲ್ಲಿರುವ ನಾಯಿ ಅಷ್ಟು ಹೊತ್ತು ಗಲಾಟೆಯಲ್ಲಿ ಕಾಯುವುದನ್ನು ನೋಡಲಾಗುವುದಿಲ್ಲ. ಸಂಜೆಯ ಹೊತ್ತು ಫೋನ್ ಎತ್ತುವುದು ಅಪರೂಪ. ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡು, ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಕಲ್ಚರ್ (ಅದನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕಾದರೆ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ವರದಿಗೆ ಕೆಲವು ದಿನ ಕಾಯಬೇಕು. ಪ್ರತಿ ಭೇಟಿಯಲ್ಲೂ ಗಾಜಿನ ಪಟ್ಟಿಯ ಪರೀಕ್ಷೆಗೆ ಬೇರೆ ಶುಲ್ಕವಿದೆ. ಅದನ್ನು ಮೊದಲೇ ಹೇಳುತ್ತಾರಾದರೂ ಮರುಭೇಟಿಗೆ ಸ್ವಲ್ಪ ಕಡಿಮೆ ಮಾಡಿದರೆ, ಖರ್ಚಿಗೆ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರು ಉಳಿದುಕೊಳ್ಳುತ್ತಾರೆ ಎಂಬುದು ಚಿಕಿತ್ಸಾಲಯದವರಲ್ಲಿ ನನ್ನ ವಿನಂತಿ.

ಹೊಸದಾಗಿ ಹೋಗುವವರು ವಾರದ ನಡುವಿನ ದಿನ ಬೆಳಿಗ್ಗೆ ಹೋಗುವುದು ಒಳ್ಳೆಯದು. ಹೊರಡುವ ಮುನ್ನ ಕಿವಿ ಚೊಕ್ಕ ಕಾಣಲೆಂದು ತೊಳೆಯಬೇಡಿ, ಪರೀಕ್ಷೆಗೆ ಬೇಕಾದ ಗುಗ್ಗೆಯೇ ಹೋಗಿಬಿಡುತ್ತದೆ. ಈವರೆಗೆ ಬಳಸಿದ ಹನಿಗಳ ಬಾಟಲಿಗಳನ್ನೂ, ನಾಯಿ ದಿನನಿತ್ಯ ತಿನ್ನುವ ಆಹಾರದ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.