ಯೋಗ ತರಗತಿಯೋ, ಎಣ್ಣೆ ಮಾಲೀಸೋ: ಉಡುಪಿಯಲ್ಲಿ ಆರಿಸಿಕೊಳ್ಳುವವರಿಗೆ

ಉಡುಪಿಯ ಬಡಾವಣೆಯೊಂದರ ಸಣ್ಣ ಸ್ವಾಸ್ಥ್ಯ ಕೇಂದ್ರದಲ್ಲಿ ಯೋಗವೂ ಎಣ್ಣೆ ಮಾಲೀಸೂ ಒಂದೇ ಸೂರಿನಡಿ ದೊರೆಯುವಾಗ, ಮೊದಲು ಯಾವುದಕ್ಕೆ ಹಣ ಕೊಡಬೇಕೆಂಬ ಗೊಂದಲ ಸಹಜ. ಮಾಲೀಸಿನಿಂದ ಬಿಗಿದ ಸ್ನಾಯು ಅದೇ ದಿನ ಸಡಿಲಗೊಳ್ಳಬಹುದು. ಆದರೆ ಕುಳಿತುಕೊಳ್ಳುವ ಭಂಗಿ ಬದಲಾಗದಿದ್ದರೆ ನೋವು ಮರಳುವ ಸಂಭವವೇ ಹೆಚ್ಚು. ಯೋಗದ ಫಲ ನಿಧಾನ. ಅದಕ್ಕೆ ವಾರಗಟ್ಟಲೆ ಅಭ್ಯಾಸವೂ ಖಾಲಿ ಹೊಟ್ಟೆಯೂ ಬೇಕು, ಆದರೆ ಕಲಿತದ್ದನ್ನು ಮನೆಯ ಚಾಪೆಯ ಮೇಲೆ ಖರ್ಚಿಲ್ಲದೆ ಮುಂದುವರಿಸಬಹುದು. ಹೀಗಾಗಿ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಬೆನ್ನು ಹಿಡಿದುಕೊಂಡವರಿಗೆ ನಾನು ಯೋಗವನ್ನೇ ಸೂಚಿಸುತ್ತೇನೆ.

ಎಚ್ಚರಿಕೆಗಳು ಬೇರೆ ಬೇರೆ. ಜ್ವರ, ಅಜೀರ್ಣ ಅಥವಾ ಚರ್ಮದ ಸೋಂಕು ಇದ್ದಾಗ ಅಭ್ಯಂಗ, ಅಂದರೆ ಎಣ್ಣೆ ಮಾಲೀಸು, ಸಲ್ಲದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಶಂಕೆಯಿದ್ದರೆ ಮಾಲೀಸು ಅಪಾಯಕಾರಿ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಶೀರ್ಷಾಸನವನ್ನು, ಬೆನ್ನುಮೂಳೆಯ ಡಿಸ್ಕ್ ಜಾರಿದವರು ಮುಂದಕ್ಕೆ ಆಳವಾಗಿ ಬಾಗುವ ಆಸನಗಳನ್ನು ಬಿಡಬೇಕು. ನೋವು ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ, ಎರಡಕ್ಕೂ ಮೊದಲು ವೈದ್ಯರನ್ನು ಕಾಣಬೇಕು. ಆಯುರ್ವೇದವೇ ಬೇಕೆನ್ನುವವರಿಗೆ ಉಡುಪಿ ಬಳಿಯ ಕುತ್ಪಾಡಿಯಲ್ಲಿ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಯಿದೆ.

ಮಾಲೀಸನ್ನೇ ಆರಿಸುವವರು ಬಿಸಿನೀರಿನ ಸ್ನಾನದ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಲಿ (ಎಣ್ಣೆಮೈಯಲ್ಲಿ ಸಿಟಿ ಬಸ್ಸು ಹತ್ತುವುದು ಸುಲಭವಲ್ಲ). ಯೋಗಕ್ಕೆ ಸೇರುವವರು, ಶಿಕ್ಷಕರು ಪ್ರತಿಯೊಬ್ಬರ ಭಂಗಿಯನ್ನೂ ತಿದ್ದುವಷ್ಟು ತರಗತಿ ಚಿಕ್ಕದಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ತಿಂಗಳ ಶುಲ್ಕ ಕಟ್ಟಲಿ.